ಗಾಯಕ್ಕೆ ಬೆಲೆ ಕಟ್ಟಿದ ಕಾನೂನು

ಒಂದು ನಾಡಿನ ಸ್ವಾತಂತ್ರ್ಯಸಂಗ್ರಾಮ ಮುಗಿದ ದಿನವೇ ಅದರ ಲೆಕ್ಕ ತೀರುವುದಿಲ್ಲ. ಮಡಿದವರಿಗೆ ಸ್ಮಾರಕ ನಿಲ್ಲುತ್ತದೆ. ಗೆದ್ದವರಿಗೆ ಅಧಿಕಾರ ದೊರೆಯುತ್ತದೆ. ಗುಂಡೇಟು ತಿಂದು ಬದುಕುಳಿದವರ ಪಾಡೇನು? ಊರುಗೋಲಿನ ಮೇಲೆ ಭಾರ ಹಾಕಿ ನಡೆಯುವವನು ಮನೆಯ ಒಲೆಯನ್ನು ಹೇಗೆ ಹೊತ್ತಿಸಬೇಕು? ಈ ಪ್ರಶ್ನೆಗೆ ಐರ್ಲೆಂಡ್ ದೇಶ ಕೊಟ್ಟ ಉತ್ತರ ವಾಚಕರ ಗಮನಕ್ಕೆ ಅರ್ಹವಾದುದು.

ಆ ಹೋರಾಟದಲ್ಲಿ ಮೂರು ಘಟ್ಟಗಳಿದ್ದುವು. 1916ರ ಏಪ್ರಿಲ್ 24ರಂದು ಡಬ್ಲಿನ್ ನಗರದಲ್ಲಿ ಮೊದಲಾದ ಈಸ್ಟರ್ ದಂಗೆ ಒಂದು. 1919ರಿಂದ 1921ರ ಜುಲೈವರೆಗೆ ಬ್ರಿಟಿಷರೊಡನೆ ನಡೆದ ಸ್ವಾತಂತ್ರ್ಯ ಸಮರ ಎರಡು. 1921ರ ಡಿಸೆಂಬರಿನ ಒಪ್ಪಂದವನ್ನು ಕೆಲವರು ಒಪ್ಪಿದರು, ಕೆಲವರು ಒಲ್ಲೆನೆಂದರು. ನಿನ್ನೆಯ ಜೊತೆಗಾರರೇ 1922-23ರಲ್ಲಿ ಇದಿರುಬದಿರು ನಿಂತು ಬಂದೂಕು ಹಿಡಿದುದು ಮೂರು. ಈ ಕೊನೆಯ ಒಡಕನ್ನು ತಾವು ನೆನಪಿನಲ್ಲಿಡಬೇಕು. ಪರಿಹಾರದ ಕಥೆ ತಿರುಗುವುದು ಅದರ ಸುತ್ತಲೇ.

ಒಪ್ಪಂದದ ಪಕ್ಷದವರ ಸರ್ಕಾರ 1923ರಲ್ಲಿ ಸೈನ್ಯ ಪಿಂಚಣಿ ಕಾನೂನನ್ನು ಮಾಡಿತು. ಗಾಯಾಳುಗಳಿಗೂ ಮಡಿದವರ ಅವಲಂಬಿಗಳಿಗೂ ಅದು ನೆರವನ್ನು ವಿಧಿಸಿತು. ವೈದ್ಯರು ಗಾಯಾಳುವನ್ನು ಪರೀಕ್ಷಿಸಿ, ದೇಹದ ಶಕ್ತಿ ನೂರಕ್ಕೆ ಇಷ್ಟು ಪಾಲು ಕುಂದಿದೆ ಎಂದು ಅಂಕಿ ಹಾಕುವರು. ಆ ಅಂಕಿಯನ್ನು ಅನುಸರಿಸಿ ಹಣ. 1924ರ ಇನ್ನೊಂದು ಕಾನೂನು ಗಾಯವಿಲ್ಲದಿದ್ದರೂ ಸೇವೆಗಾಗಿಯೇ ಪಿಂಚಣಿ ಕೊಟ್ಟಿತು. ಆದರೆ ಅದರ ಫಲ ಹೊಸ ಸರ್ಕಾರದ ಸೇನೆಯಲ್ಲಿ ದುಡಿದವರಿಗೆ ಮಾತ್ರ. ಒಪ್ಪಂದವನ್ನು ವಿರೋಧಿಸಿದವರು ಹೊರಗೇ ಉಳಿದರು.

ಹಕ್ಕಿದ್ದರೆ ಸಾಲದು, ಸಾಕ್ಷ್ಯವೂ ಬೇಕು. ಗುಪ್ತಸೈನ್ಯಕ್ಕೆ ಹಾಜರಿ ಪುಸ್ತಕ ಎಲ್ಲಿಂದ ಬರಬೇಕು? ಆಸ್ಪತ್ರೆಗೆ ಹೋದರೆ ಸೆರೆ ಸಿಕ್ಕುವ ಭಯವಿದ್ದಾಗ ಗಾಯಕ್ಕೆ ದಾಖಲೆ ಹೇಗೆ ಉಳಿಯಬೇಕು? ಹಳೆಯ ದಳಪತಿಯ ಮಾತೇ ಆಧಾರ. ಆ ದಳಪತಿ ಒಡಕಿನ ಆಚೆ ಬದಿಯಲ್ಲಿದ್ದರೆ, ಸಹಿ ಬೇಡುವುದೂ ಒಂದು ಸಂಕಟವೇ.

ಮಾರ್ಗರೆಟ್ ಸ್ಕಿನ್ನಿಡರ್ ಎಂಬಾಕೆಯ ಉದಾಹರಣೆಯನ್ನು ನೋಡಿ. ಸ್ಕಾಟ್ಲೆಂಡಿನಲ್ಲಿ ಹುಟ್ಟಿ, ಗ್ಲಾಸ್ಗೋದಲ್ಲಿ ಗಣಿತದ ಉಪಾಧ್ಯಾಯಿನಿಯಾಗಿದ್ದವರು. 1916ರಲ್ಲಿ ಡಬ್ಲಿನ್ನಿನ ಹಾರ್ಕೋರ್ಟ್ ಬೀದಿಯಲ್ಲಿ ಕಾದಾಡುವಾಗ ಅವರಿಗೆ ಮೂರು ಗುಂಡುಗಳು ತಗುಲಿದುವು. 1925ರಲ್ಲಿ ಅವರು ಗಾಯದ ಪಿಂಚಣಿ ಕೇಳಿದರು. ಗಾಯ ಸುಳ್ಳೆಂದು ಅಧಿಕಾರಿಗಳು ಹೇಳಲಿಲ್ಲ. ಕಾನೂನಿನಲ್ಲಿರುವ ‘ಸೈನಿಕ’ ಶಬ್ದ ಪುಲ್ಲಿಂಗವಾದುದರಿಂದ ಹೆಂಗಸಿಗೆ ಅನ್ವಯಿಸದೆಂದು ಅರ್ಜಿಯನ್ನು ತಳ್ಳಿದರು! ವ್ಯಾಕರಣವನ್ನು ಓದಿ ಪಾಠ ಹೇಳುವ ನನ್ನಂಥವರಿಗೆ ಇದು ನಗುವ ಸಂಗತಿಯಲ್ಲ. ಲಿಂಗವಿವಕ್ಷೆ ಇರುವುದು ಶಬ್ದದ ಅರ್ಥ ತಿಳಿಯಲೆಂದು. ಗುಂಡಿನ ನೋವನ್ನು ಅಳಿಸಲೆಂದಲ್ಲ.

1932ರಲ್ಲಿ ಡಿ ವಲೇರಾ ಅಧಿಕಾರಕ್ಕೆ ಬಂದರು. ಅವರು ಒಪ್ಪಂದವನ್ನು ವಿರೋಧಿಸಿದ ಪಕ್ಷದವರೇ. ಅದೇ ವರ್ಷ ಗಾಯಾಳುಗಳ ಕಾನೂನೂ, 1934ರಲ್ಲಿ ಸೇವೆಯ ಪಿಂಚಣಿಯೂ ವಿಸ್ತಾರಗೊಂಡು, ಹೊರಗಿದ್ದ ಪಕ್ಷದವರಿಗೂ ಮಹಿಳಾ ದಳದವರಿಗೂ ಬಾಗಿಲು ತೆರೆಯಿತು. ಸ್ಕಿನ್ನಿಡರ್ ಅವರಿಗೆ ಪಿಂಚಣಿ ಮಂಜೂರಾದದ್ದು 1938ರಲ್ಲಿ, ಗುಂಡು ತಗುಲಿದ 22 ವರ್ಷಗಳ ಮೇಲೆ. ಅವರು ಡಬ್ಲಿನ್ನಿನಲ್ಲಿ ಶಾಲೆಯ ಕೆಲಸ ಮಾಡಿಕೊಂಡೇ ಬಾಳಿ, 1971ರಲ್ಲಿ ತೀರಿಕೊಂಡರು.

ಬಾಗಿಲು ತೆರೆದರೂ ಒಳಗೆ ಹೊಕ್ಕವರು ಸ್ವಲ್ಪವೇ. ಸೇವೆಯ ಪಿಂಚಣಿಗೆ ಅರ್ಜಿ ಹಾಕಿದವರು 80,000ಕ್ಕೂ ಮಿಕ್ಕಿದ್ದರು. ಪಡೆದವರು ಅವರ ಕಾಲುಭಾಗವೂ ಆಗಲಿಲ್ಲ. ಐರ್ಲೆಂಡಿನ ಸೈನಿಕ ದಫ್ತರಖಾನೆ ಈ ಕಡತಗಳನ್ನು 2014ರಿಂದ ಕಂತು ಕಂತಾಗಿ ಎಲ್ಲರೂ ಓದಬಹುದಾದಂತೆ ಹೊರತಂದಿದೆ.

ಪರಿಹಾರವು ಭಿಕ್ಷೆಯಲ್ಲ, ಋಣಸಂದಾಯ. ಸಾಲ ಕೊಟ್ಟವನೇ ಸಾಲಗಾರನ ಬಾಗಿಲಲ್ಲಿ ನಿಂತು ತನ್ನ ಗಾಯವನ್ನು ತೋರಿಸಬೇಕಾಗಿ ಬಂದರೆ, ಆ ಋಣ ತೀರಿತೆನ್ನಬಹುದೆ? ವಾಚಕರೇ ವಿಚಾರಿಸಲಿ.