ಹಳೆಯ ವಾಲ್ವ್ ಆಂಪ್ಲಿಫೈಯರ್: ಯಾವ ಕೆಪಾಸಿಟರ್ ಬದಲಿಸಬೇಕು, ಯಾವುದನ್ನು ಉಳಿಸಬೇಕು?

ಅರುವತ್ತರ ದಶಕದ ವಾಲ್ವ್ ಆಂಪ್ಲಿಫೈಯರ್‌ಗಳಿಗೆ ಗಿಟಾರ್ ವಾದಕರಲ್ಲಿ ಇಂದಿಗೂ ಬೇಡಿಕೆ ಕುಂದಿಲ್ಲ. ಆದರೆ ಅರ್ಧ ಶತಮಾನ ದಾಟಿದ ಇಂಥ ಯಂತ್ರವನ್ನು ಕೊಂಡವರಿಗೆ ಮೊದಲು ಎದುರಾಗುವ ಪ್ರಶ್ನೆ ಒಂದೇ: ಒಳಗಿನ ಹಳೆಯ ಕೆಪಾಸಿಟರ್‌ಗಳನ್ನು ಬದಲಿಸಬೇಕೇ, ಬೇಡವೇ? ಎಲ್ಲವನ್ನೂ ಕಿತ್ತು ಹೊಸದನ್ನು ಹಾಕಿದರೆ ಹಳೆಯ ನಾದ ಹೋಗುತ್ತದೆ ಎಂಬುದು ಕೆಲವರ ವಾದ. ಹಾಗೆಯೇ ಬಿಟ್ಟರೆ ಟ್ರಾನ್ಸ್‌ಫಾರ್ಮರ್ ಸುಡುತ್ತದೆ ಎಂಬುದು ಇನ್ನು ಕೆಲವರ ಎಚ್ಚರಿಕೆ. ಎರಡರಲ್ಲೂ ಸತ್ಯಾಂಶವಿದೆ. ಏಕೆಂದರೆ ಕೆಪಾಸಿಟರ್‌ಗಳೆಲ್ಲ ಒಂದೇ ಜಾತಿಯವಲ್ಲ.

ಉದಾಹರಣೆಗೆ ಫೆಂಡರ್ ಕಂಪನಿಯ 'ಡಿಲಕ್ಸ್ ರಿವರ್ಬ್' ಆಂಪ್ಲಿಫೈಯರನ್ನೇ ತೆಗೆದುಕೊಳ್ಳಬಹುದು. ಅಮೆರಿಕದ ಕ್ಯಾಲಿಫೋರ್ನಿಯಾದ ಫುಲ್ಲರ್ಟನ್ ಪಟ್ಟಣದಲ್ಲಿ 1938ರಲ್ಲಿ ರೇಡಿಯೋ ರಿಪೇರಿ ಅಂಗಡಿ ತೆರೆದ ಲಿಯೋ ಫೆಂಡರ್ ಈ ಕಂಪನಿಯ ಸ್ಥಾಪಕರು. 1963ರಲ್ಲಿ ಹೊರಬಂದ ಈ ಮಾದರಿಯಲ್ಲಿ ಒಂಬತ್ತು ವಾಲ್ವ್‌ಗಳು, 12 ಅಂಗುಲದ ಒಂದು ಸ್ಪೀಕರ್ ಇವೆ. ಶಕ್ತಿ ಸುಮಾರು 22 ವ್ಯಾಟ್. ಆದರೆ ಒಳಗೆ ಹರಿಯುವ ಡಿ.ಸಿ. ವೋಲ್ಟೇಜ್ 400ನ್ನು ಮೀರುತ್ತದೆ.

ಒಣಗುವ ಜಾತಿ

ಎ.ಸಿ. ವಿದ್ಯುತ್ತನ್ನು ಡಿ.ಸಿ. ಮಾಡಿದ ಮೇಲೂ ಅದರಲ್ಲಿ ಏರಿಳಿತ ಉಳಿದಿರುತ್ತದೆ. ಅದನ್ನು ಸಮಗೊಳಿಸುವುದು ಎಲೆಕ್ಟ್ರೋಲಿಟಿಕ್ ಕೆಪಾಸಿಟರ್‌ಗಳ ಕೆಲಸ. ಈ ಆಂಪ್ಲಿಫೈಯರ್‌ನಲ್ಲಿ ತಗಡಿನ ಮುಚ್ಚಳವೊಂದರ ಅಡಿಯಲ್ಲಿ 16 ಮೈಕ್ರೋಫ್ಯಾರಡ್, 450 ವೋಲ್ಟ್‌ನ ಐದು ಕೆಪಾಸಿಟರ್‌ಗಳಿವೆ. ರಿಪೇರಿಯವರು ಈ ಮುಚ್ಚಳವನ್ನು 'ನಾಯಿಗೂಡು' ಎಂಬರ್ಥದ ಹೆಸರಿನಿಂದ ಕರೆಯುತ್ತಾರೆ.

ಇಂಥ ಕೆಪಾಸಿಟರ್‌ನೊಳಗೆ ಅಲ್ಯೂಮಿನಿಯಂ ಹಾಳೆಗಳೂ ಅವುಗಳ ನಡುವೆ ರಾಸಾಯನಿಕ ದ್ರವದಲ್ಲಿ ನೆನೆಸಿದ ಕಾಗದವೂ ಸುರುಳಿ ಸುತ್ತಿಕೊಂಡಿರುತ್ತವೆ. ಹಾಳೆಯ ಮೇಲಿನ ಅತಿ ತೆಳುವಾದ ಆಕ್ಸೈಡ್ ಪದರವೇ ವಿದ್ಯುತ್ತನ್ನು ತಡೆಯುವ ಗೋಡೆ. ವರ್ಷಗಳುರುಳಿದಂತೆ ದ್ರವ ಒಣಗುತ್ತದೆ. ಬಹುಕಾಲ ಬಳಸದೆ ಇಟ್ಟರೆ ಆಕ್ಸೈಡ್ ಪದರವೂ ದುರ್ಬಲವಾಗುತ್ತದೆ. ಮೊದಲ ಲಕ್ಷಣವೆಂದರೆ ಸ್ಪೀಕರ್‌ನಿಂದ ಕೇಳಿಬರುವ 'ಗುಂಯ್' ಎಂಬ ಸದ್ದು. ಅಮೆರಿಕದ 60 ಹರ್ಟ್ಸ್ ವಿದ್ಯುತ್ತಿನಲ್ಲಿ ಇದು 120 ಹರ್ಟ್ಸ್, ನಮ್ಮ 50 ಹರ್ಟ್ಸ್ ವಿದ್ಯುತ್ತಿನಲ್ಲಿ 100 ಹರ್ಟ್ಸ್ ಆಗಿರುತ್ತದೆ.

ಸದ್ದಷ್ಟೇ ಆಗಿದ್ದರೆ ಸಹಿಸಿಕೊಳ್ಳಬಹುದಿತ್ತು. ದುರ್ಬಲ ಕೆಪಾಸಿಟರ್‌ನಲ್ಲಿ ವಿದ್ಯುತ್ ಸೋರತೊಡಗಿ, ಅದು ಬಿಸಿಯಾಗಿ ಉಬ್ಬುತ್ತದೆ. ಕೊನೆಗೆ ಶಾರ್ಟ್ ಆದರೆ ಹೊರೆಯೆಲ್ಲ ರೆಕ್ಟಿಫೈಯರ್ ವಾಲ್ವ್ ಮತ್ತು ಪವರ್ ಟ್ರಾನ್ಸ್‌ಫಾರ್ಮರ್ ಮೇಲೆ ಬೀಳುತ್ತದೆ. ಅಗ್ಗದ ಬಿಡಿಭಾಗವೊಂದರ ಉಳಿತಾಯಕ್ಕಾಗಿ, ಹುಡುಕಿದರೂ ಸುಲಭವಾಗಿ ಸಿಗದ ಮೂಲ ಟ್ರಾನ್ಸ್‌ಫಾರ್ಮರ್ ಬಲಿಯಾಗುತ್ತದೆ. ಆದ್ದರಿಂದ ಈ ಐದನ್ನೂ, ವಾಲ್ವ್‌ಗಳ ಕ್ಯಾಥೋಡ್‌ಗೆ ಜೋಡಿಸಿರುವ 25 ಮೈಕ್ರೋಫ್ಯಾರಡ್‌ನ ಚಿಕ್ಕ ಎಲೆಕ್ಟ್ರೋಲಿಟಿಕ್‌ಗಳನ್ನೂ ಬದಲಿಸುವುದೇ ಸರಿ. ಹೊಸದರ ವೋಲ್ಟೇಜ್ ಮಿತಿ ಮೂಲದ್ದಕ್ಕಿಂತ ಕಡಿಮೆಯಿರಬಾರದು. ಧಾರಣ ಶಕ್ತಿಯನ್ನು ಮಾತ್ರ ಮನಬಂದಂತೆ ಹೆಚ್ಚಿಸಬಾರದು. ಇದರಲ್ಲಿರುವ ಜಿಝಡ್34 ರೆಕ್ಟಿಫೈಯರ್ ವಾಲ್ವ್‌ನ ಮುಂದಿನ ಮೊದಲ ಕೆಪಾಸಿಟರ್‌ಗೆ ತಯಾರಕರು ವಿಧಿಸಿರುವ ಮಿತಿ 60 ಮೈಕ್ರೋಫ್ಯಾರಡ್.

ಮರೆತುಹೋಗುವ ಒಂದು ಕೆಪಾಸಿಟರ್

ಔಟ್‌ಪುಟ್ ವಾಲ್ವ್‌ಗಳನ್ನು ಹತೋಟಿಯಲ್ಲಿಡುವ ಋಣ ವೋಲ್ಟೇಜಿಗೆ, ಅಂದರೆ ಬಯಾಸ್‌ಗೆ, ಪ್ರತ್ಯೇಕ ಎಲೆಕ್ಟ್ರೋಲಿಟಿಕ್ ಕೆಪಾಸಿಟರ್ ಒಂದಿದೆ. ಅದು ಕೆಟ್ಟರೆ ವಾಲ್ವ್‌ಗಳ ಒಳಗಿನ ಲೋಹದ ಪ್ಲೇಟು ಕೆಂಪಗೆ ಕಾದು ಅವು ಹಾಳಾಗುತ್ತವೆ. ಇದನ್ನೂ ತಪ್ಪದೆ ಬದಲಿಸಬೇಕು. ಇಲ್ಲಿನ ವೋಲ್ಟೇಜ್ ಋಣಾತ್ಮಕವಾದ್ದರಿಂದ ಕೆಪಾಸಿಟರ್‌ನ ಧನ ತುದಿ ಚಾಸಿಗೆ ಸೇರಬೇಕು. ಅಭ್ಯಾಸಬಲದಿಂದ ತಿರುಗುಮುರುಗಾಗಿ ಬೆಸೆದು ಕೆಡಿಸಿಕೊಂಡವರು ಕಡಿಮೆಯೇನಲ್ಲ.

ಮುಟ್ಟಬಾರದ ಜಾತಿ

ಒಂದು ವಾಲ್ವ್‌ನಿಂದ ಇನ್ನೊಂದಕ್ಕೆ ಸಂಗೀತದ ಸಂಕೇತವನ್ನು ದಾಟಿಸುವ ಚಿಕ್ಕ ಕೆಪಾಸಿಟರ್‌ಗಳಲ್ಲಿ ಇಂಥ ದ್ರವವಿಲ್ಲ. ಆದ್ದರಿಂದ ಅವು ಒಣಗುವ ಪ್ರಶ್ನೆಯೇ ಇಲ್ಲ. ಈ ಮಾದರಿಯ ನೀಲಿ ಬಣ್ಣದ ಕೆಪಾಸಿಟರ್‌ಗಳು ಅನೇಕ ಯಂತ್ರಗಳಲ್ಲಿ ಈಗಲೂ ಸುಸ್ಥಿತಿಯಲ್ಲಿವೆ. ವಾದಕರು ಮೆಚ್ಚುವ ನಾದದಲ್ಲಿ ಇವುಗಳ ಪಾಲೂ ಇದೆ. ಸಂಗ್ರಾಹಕರು ಬೆಲೆ ಕಟ್ಟುವಾಗ ನೋಡುವುದೂ ಇವನ್ನೇ. ವಯಸ್ಸಾಯಿತೆಂಬ ಒಂದೇ ಕಾರಣಕ್ಕೆ ಕೀಳಬಾರದು. ಕೆಪಾಸಿಟರ್ ದಾಟಿದ ಕಡೆಯಲ್ಲಿ ಅನಗತ್ಯ ಡಿ.ಸಿ. ವೋಲ್ಟೇಜ್ ಸೋರಿ ಬರುತ್ತಿದೆಯೇ ಎಂದು ಮೀಟರ್‌ನಿಂದ ಅಳೆದು, ಸೋರುತ್ತಿದ್ದರೆ ಅದೊಂದನ್ನಷ್ಟೇ ಬದಲಿಸಬೇಕು.

ಇದಕ್ಕೆ ಒಂದು ಅಪವಾದವಿದೆ. ಎರಡು ಪಿನ್‌ಗಳ ಪ್ಲಗ್ ಇದ್ದ ಕಾಲದ ಯಂತ್ರಗಳಲ್ಲಿ ಮೇನ್ಸ್ ತಂತಿ ಮತ್ತು ಚಾಸಿಯ ನಡುವೆ 0.047 ಮೈಕ್ರೋಫ್ಯಾರಡ್‌ನ ಕೆಪಾಸಿಟರ್ ಇರುತ್ತದೆ. ಅದು ಶಾರ್ಟ್ ಆದರೆ ಇಡೀ ಚಾಸಿಗೆ ವಿದ್ಯುತ್ ಹರಿಯಬಹುದು. ಗಿಟಾರ್‌ನ ತಂತಿಗಳು ಕೇಬಲ್ ಮೂಲಕ ಅದೇ ಚಾಸಿಗೆ ಸೇರಿರುತ್ತವೆ. ನುಡಿಸುವಾತನ ತುಟಿ ಮೈಕಿಗೆ ತಾಗಿದರೆ ಸಾಕು, ಪ್ರಾಣವೇ ಹೋಗಬಹುದು. ಇದಕ್ಕೆ 'ಸಾವಿನ ಕೆಪಾಸಿಟರ್' ಎಂಬ ಅಡ್ಡಹೆಸರು ಬಂದಿರುವುದು ಸುಮ್ಮನೆ ಅಲ್ಲ. ಇದನ್ನು ತೆಗೆದುಹಾಕಿ, ಅರ್ಥ್ ಇರುವ ಮೂರು ಪಿನ್‌ಗಳ ವೈರ್ ಹಾಕಿಸಬೇಕು. ಅಮೆರಿಕದ ಯಂತ್ರವನ್ನು ನಮ್ಮ 230 ವೋಲ್ಟ್‌ಗೆ ಜೋಡಿಸಲು ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಬಳಸುವವರು, ಅದರ ಮೂಲಕವೂ ಅರ್ಥ್ ಮುಂದುವರಿದಿದೆಯೇ ಎಂದು ಖಚಿತಪಡಿಸಿಕೊಳ್ಳಬೇಕು.

ಪ್ಲಗ್ ಕಿತ್ತರೂ ಶಾಕ್

ಪ್ಲಗ್ ಕಿತ್ತ ಮಾತ್ರಕ್ಕೆ ಯಂತ್ರ ನಿರಪಾಯಕಾರಿಯಾಗುವುದಿಲ್ಲ ಎಂಬುದನ್ನು ಎಂದೂ ಮರೆಯಬಾರದು. ಕೆಪಾಸಿಟರ್‌ಗಳು ನೂರಾರು ವೋಲ್ಟ್‌ಗಳನ್ನು ಬಹಳ ಹೊತ್ತು ಹಿಡಿದಿಟ್ಟುಕೊಂಡಿರಬಲ್ಲವು. 10 ಕಿಲೋ ಓಮ್, 5 ವ್ಯಾಟ್‌ನ ರೆಸಿಸ್ಟರನ್ನು ಇನ್ಸುಲೇಟೆಡ್ ಕ್ಲಿಪ್‌ಗಳ ಮೂಲಕ ಜೋಡಿಸಿ ಪ್ರತಿಯೊಂದನ್ನೂ ಖಾಲಿ ಮಾಡಬೇಕು. ನಂತರ ಮೀಟರ್‌ನಿಂದ ಅಳೆಯಬೇಕು. ಸ್ವಲ್ಪ ಹೊತ್ತು ಬಿಟ್ಟು ಮತ್ತೊಮ್ಮೆ ಅಳೆಯಬೇಕು. ಖಾಲಿಯಾದ ಕೆಪಾಸಿಟರ್‌ನಲ್ಲಿ ವೋಲ್ಟೇಜ್ ತಾನಾಗಿಯೇ ತುಸು ಮರಳುವುದುಂಟು. ವಾಲ್ವ್ ಉಪಕರಣಗಳ ಅನುಭವವಿಲ್ಲದವರು ಈ ಕೆಲಸಕ್ಕೆ ಕೈಹಾಕದೆ ಬಲ್ಲವರಿಗೆ ಒಪ್ಪಿಸುವುದೇ ಲೇಸು.

ಹೊಸ ಕೆಪಾಸಿಟರ್ ಬೆಸೆದ ಮೇಲೆ ನೇರವಾಗಿ ಮೇನ್ಸ್‌ಗೆ ಹಾಕುವ ಬದಲು, ಎಲೆಕ್ಟ್ರಿಷಿಯನ್‌ಗಳು ಬಳಸುವ ಸೀರೀಸ್ ಬಲ್ಬ್ ಮೂಲಕ ಪರೀಕ್ಷಿಸುವುದು ಕ್ಷೇಮ. ಬಲ್ಬು ಒಮ್ಮೆ ಬೆಳಗಿ ಮಂಕಾದರೆ ಚಿಂತೆಯಿಲ್ಲ. ಪ್ರಖರವಾಗಿಯೇ ಉರಿಯುತ್ತಿದ್ದರೆ ಎಲ್ಲೋ ಶಾರ್ಟ್ ಇದೆ ಎಂದರ್ಥ. ಕೂಡಲೇ ಸ್ವಿಚ್ ಆರಿಸಬೇಕು.

ನಮ್ಮ ಮನೆಗಳ ಅಟ್ಟದಲ್ಲಿರುವ ಹಳೆಯ ವಾಲ್ವ್ ರೇಡಿಯೋಗಳಲ್ಲೂ ಇದೇ ಬಗೆಯ ಎಲೆಕ್ಟ್ರೋಲಿಟಿಕ್‌ಗಳಿವೆ. ಆದರೆ ಹಲವು ರೇಡಿಯೋಗಳಲ್ಲಿ ಸಂಕೇತ ದಾಟಿಸುವುದಕ್ಕೆ ಮೇಣ ಹಚ್ಚಿದ ಕಾಗದದ ಕೆಪಾಸಿಟರ್‌ಗಳಿದ್ದು, ಅವು ತೇವ ಹೀರಿ ಸೋರುತ್ತವೆ. ಅಲ್ಲಿ ಅವನ್ನೂ ಬದಲಿಸಬೇಕಾಗುತ್ತದೆ. ಎಷ್ಟು ಹಳೆಯದು ಎನ್ನುವುದಕ್ಕಿಂತ ಯಾವುದರಿಂದ ಮಾಡಿದ್ದು ಎಂದು ಕೇಳಿದರೆ, ಬದಲಿಸಬೇಕಾದದ್ದು ಯಾವುದು, ಉಳಿಸಬೇಕಾದದ್ದು ಯಾವುದು ಎಂಬುದು ತಿಳಿಯುತ್ತದೆ.