ಸಂಚಕಾರ ಕೊಡುವ ಮೊದಲು: ಮನೆ ಕೊಳ್ಳುವವರಿಗೂ ಮಾರುವವರಿಗೂ ತಿಳಿವಳಿಕೆ



ಒಂದು ಜೊತೆ ಎತ್ತು ಕೊಳ್ಳಬೇಕಾದರೆ ನಾವು ಎಷ್ಟು ಎಚ್ಚರ ವಹಿಸುತ್ತೇವೆ! ಹಲ್ಲು ಎಣಿಸುತ್ತೇವೆ, ಸುಳಿ ನೋಡುತ್ತೇವೆ, ನಾಲ್ಕು ಹೆಜ್ಜೆ ನಡೆಸುತ್ತೇವೆ, ನೊಗ ಹೂಡಿ ನೋಡುತ್ತೇವೆ. ಜಾತ್ರೆಯಲ್ಲಿ ದಿನವೆಲ್ಲ ಅಲೆದು ಸಂಜೆಗೆ ವ್ಯಾಪಾರ ಕುದುರಿಸುತ್ತೇವೆ. ಆದರೆ ಜನ್ಮದಲ್ಲಿ ಒಂದು ಬಾರಿ ಕೊಳ್ಳುವ ಮನೆಯ ವಿಷಯದಲ್ಲಿ ಮಾತ್ರ, "ಗೊತ್ತಿರುವ ಜನ, ಮೋಸ ಮಾಡುತ್ತಾರೆಯೇ?" ಎಂದು ಜಗುಲಿಯ ಮೇಲೆ ಕುಳಿತು, ಎಲೆ ಅಡಿಕೆಯ ಮೇಲೆ ಹಣವಿಟ್ಟು ಕೊಟ್ಟುಬಿಡುತ್ತೇವೆ.

ಮೋಸ ಮಾಡುವವರು ಕಡಿಮೆಯೇ. ತೊಂದರೆ ಬರುವುದು ಹೆಚ್ಚಾಗಿ ಮೋಸದಿಂದಲ್ಲ, ವಿಚಾರಿಸದೆ ಇರುವುದರಿಂದ. ಸಂಚಕಾರದ ಹಣ ನಿಮ್ಮ ಕೈಯಲ್ಲಿರುವ ತನಕ ಎಲ್ಲರೂ ನಿಮ್ಮ ಪ್ರಶ್ನೆಗೆ ಉತ್ತರ ಕೊಡುತ್ತಾರೆ. ಕೊಟ್ಟ ಮೇಲೆ ಉತ್ತರಕ್ಕಾಗಿ ನೀವೇ ಅಲೆಯಬೇಕಾಗುತ್ತದೆ. ಆದ್ದರಿಂದ ವಿಚಾರಿಸುವ ಕೆಲಸವೆಲ್ಲ ಸಂಚಕಾರಕ್ಕೆ ಮೊದಲೇ ಮುಗಿಯಬೇಕು. ಏನೇನು ವಿಚಾರಿಸಬೇಕೆಂಬುದನ್ನು ಕೆಳಗೆ ಹೇಳಿದೆ.

1. ಮಾರುವ ಹಕ್ಕು ಯಾರಿಗಿದೆ?

ಒಂದು ಉದಾಹರಣೆಯನ್ನು ತೆಗೆದುಕೊಳ್ಳೋಣ. ತಂದೆ ಕಾಲವಾಗಿದ್ದಾರೆ. ತಾಯಿ ಇದ್ದಾರೆ. ಇಬ್ಬರು ಗಂಡುಮಕ್ಕಳು, ಒಬ್ಬಳು ಹೆಣ್ಣುಮಗಳು, ಅವಳನ್ನು ದೂರದ ಊರಿಗೆ ಕೊಟ್ಟಿದೆ. ಪಿತ್ರಾರ್ಜಿತವಾದ ಮನೆಯ ಖಾತೆ ಹಿರಿಯ ಮಗನ ಹೆಸರಿನಲ್ಲಿದೆ. ಅಣ್ಣತಮ್ಮಂದಿರಿಬ್ಬರೂ ಸೇರಿ ಆ ಮನೆಯನ್ನು ನಿಮಗೆ 8 ಲಕ್ಷ ರೂಪಾಯಿಗೆ ಮಾರುತ್ತಾರೆ. "ತಂಗಿಗೆ ಮದುವೆಯಲ್ಲೇ ಎಲ್ಲ ಕೊಟ್ಟಾಗಿದೆ, ಅರಿಸಿನ ಕುಂಕುಮಕ್ಕೂ ಕೊಟ್ಟಿದ್ದೇವೆ" ಎನ್ನುತ್ತಾರೆ. ನೀವು ನಂಬುತ್ತೀರಿ. ಸಾಲ ಮಾಡಿ ಹೊಸ ಹೆಂಚು ಹೊದಿಸುತ್ತೀರಿ, ಹಿತ್ತಲಲ್ಲಿ ಕೊಟ್ಟಿಗೆ ಕಟ್ಟುತ್ತೀರಿ. ನಾಲ್ಕು ವರ್ಷದ ಮೇಲೆ ಆ ತಂಗಿ ಹಾಕಿದ ದಾವೆಯ ಸಮನ್ಸು ನಿಮ್ಮ ಬಾಗಿಲಿಗೆ ಬರುತ್ತದೆ.

ಆಕೆ ಕೇಳುತ್ತಿರುವುದು ಅನ್ಯಾಯವನ್ನಲ್ಲ. ಹಿಂದೂ ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಮಗಳಿಗೂ ಮಗನಂತೆಯೇ ಹುಟ್ಟಿನಿಂದ ಹಕ್ಕುಂಟು. ನಮ್ಮ ರಾಜ್ಯದಲ್ಲಿ 1994ರ ತಿದ್ದುಪಡಿಯು ಆಗ ಮದುವೆಯಾಗಿರದ ಹೆಣ್ಣುಮಕ್ಕಳಿಗೆ ಈ ಹಕ್ಕನ್ನು ಕೊಟ್ಟಿತು. 2005ರ ಕೇಂದ್ರ ತಿದ್ದುಪಡಿಯು ಮದುವೆಯಾದವರು, ಆಗದವರು ಎಂಬ ಭೇದವನ್ನು ತೆಗೆದುಹಾಕಿತು. ಆ ತಿದ್ದುಪಡಿ ಜಾರಿಗೆ ಬಂದ ದಿನ ತಂದೆ ಬದುಕಿರಲೇಬೇಕೆಂದಿಲ್ಲ ಎಂದು ಸರ್ವೋಚ್ಚ ನ್ಯಾಯಾಲಯವು 2020ರಲ್ಲಿ ತೀರ್ಪಿತ್ತಿದೆ. 20 ಡಿಸೆಂಬರ್ 2004ಕ್ಕೆ ಮೊದಲೇ ನೋಂದಾಯಿತ ಪತ್ರದಿಂದ ಅಥವಾ ನ್ಯಾಯಾಲಯದ ಡಿಕ್ರಿಯಿಂದ ಮುಗಿದುಹೋದ ವಿಭಾಗಗಳನ್ನು ಈ ಕಾನೂನು ಕದಲಿಸುವುದಿಲ್ಲ. ಮುಸಲ್ಮಾನ, ಕ್ರೈಸ್ತ ಕುಟುಂಬಗಳಲ್ಲಿಯೂ ಅವರವರ ಕಾನೂನಿನಂತೆ ಹೆಣ್ಣುಮಕ್ಕಳಿಗೆ ಪಾಲು ಉಂಟೆಂಬುದನ್ನು ಮರೆಯಬಾರದು.

ಆದ್ದರಿಂದ ಮೊದಲು ಆ ಮನೆಯ ವಂಶವೃಕ್ಷವನ್ನು ಕೇಳಿರಿ. ತಾಯಿ, ಹೆಣ್ಣುಮಕ್ಕಳು, ತೀರಿಹೋದ ಮಗನ ಹೆಂಡತಿ ಮಕ್ಕಳು, ಇವರನ್ನೆಲ್ಲ ಲೆಕ್ಕಕ್ಕೆ ತೆಗೆದುಕೊಳ್ಳಿರಿ. ಹಕ್ಕುಳ್ಳವರೆಲ್ಲರೂ ಕ್ರಯಪತ್ರಕ್ಕೆ ಸಹಿ ಹಾಕಬೇಕು, ಇಲ್ಲವೇ ನೋಂದಾಯಿತ ಹಕ್ಕು ಬಿಡುಗಡೆ ಪತ್ರ ಬರೆದುಕೊಟ್ಟಿರಬೇಕು. "ಅರಿಸಿನ ಕುಂಕುಮಕ್ಕೆ ಕೊಟ್ಟಿದ್ದೇವೆ" ಎಂಬ ಬಾಯಿಮಾತು ಬಿಡುಗಡೆ ಪತ್ರವಾಗದು. ಆ ಹೆಣ್ಣುಮಗಳನ್ನು ನೀವೇ ಒಮ್ಮೆ ಕಂಡು ಮಾತನಾಡಿಸಿದರೆ ಎಲ್ಲಕ್ಕಿಂತ ಒಳ್ಳೆಯದು. ಬಸ್ಸಿನ ಖರ್ಚು ದಾವೆಯ ಖರ್ಚಿಗಿಂತ ಕಡಿಮೆ.

ಇನ್ನು ಮೂರು ಸಂಗತಿಗಳಿವೆ. ಅಪ್ರಾಪ್ತ ವಯಸ್ಸಿನ ಮಗುವಿನ ಸ್ವಂತ ಹೆಸರಿನಲ್ಲಿರುವ ಆಸ್ತಿಯನ್ನು ನ್ಯಾಯಾಲಯದ ಅನುಮತಿ ಇಲ್ಲದೆ ಹಿಂದೂ ತಂದೆತಾಯಿಗಳೂ ಮಾರುವಂತಿಲ್ಲ. "ಜನರಲ್ ಪವರ್" ಪತ್ರ ಬರೆಸಿಕೊಂಡು ಹಣ ಕೊಟ್ಟ ಮಾತ್ರಕ್ಕೆ ನೀವು ಮಾಲೀಕರಾಗುವುದಿಲ್ಲ. ಸರ್ವೋಚ್ಚ ನ್ಯಾಯಾಲಯವು 2011ರಲ್ಲಿ ಇದನ್ನು ಸ್ಪಷ್ಟಪಡಿಸಿದೆ. ಸರ್ಕಾರ ಮಂಜೂರು ಮಾಡಿದ ನಿವೇಶನವಾದರೆ ಹಕ್ಕುಪತ್ರದಲ್ಲಿನ ಷರತ್ತುಗಳನ್ನು ಓದಿಸಿ ಕೇಳಿರಿ. ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡದವರಿಗೆ ಮಂಜೂರಾದ ಜಮೀನನ್ನು ಸರ್ಕಾರದ ಪೂರ್ವಾನುಮತಿ ಇಲ್ಲದೆ ಪರಭಾರೆ ಮಾಡುವುದನ್ನು 1978ರ ಕಾನೂನು ನಿಷೇಧಿಸಿದೆ. ಅಂತಹ ಕ್ರಯ ಅನೂರ್ಜಿತವಾಗುತ್ತದೆ.

2. ನೋಡಬೇಕಾದ ಕಾಗದಗಳು

ಮೂಲಪತ್ರ: ಈಗ ಮಾರುವವರಿಗೆ ಮನೆ ಹೇಗೆ ಬಂತು? ಕ್ರಯದಿಂದಲೋ, ವಿಭಾಗದಿಂದಲೋ, ದಾನದಿಂದಲೋ? ಅದರ ಅಸಲು ಪತ್ರವನ್ನೇ ಕೇಳಿರಿ. "ನಕಲು ಇದೆ, ಅಸಲು ಸಿಗುತ್ತಿಲ್ಲ" ಎಂದರೆ ಅಸಲು ಯಾವುದಾದರೂ ಬ್ಯಾಂಕಿನಲ್ಲೋ ಸೊಸೈಟಿಯಲ್ಲೋ ಸಾಲಕ್ಕೆ ಕುಳಿತಿದೆಯೇ ಎಂದು ವಿಚಾರಿಸಿರಿ.

ಪಂಚಾಯಿತಿ ಖಾತೆ: ಗ್ರಾಮ ಪಂಚಾಯಿತಿಯು ಇ-ಸ್ವತ್ತು ಮೂಲಕ ನಮೂನೆ 9 ಮತ್ತು ನಮೂನೆ 11ನ್ನು ಕೊಡುತ್ತದೆ. ನಮೂನೆ 9 ಮತ್ತು 11ಎ ಕ್ರಮಬದ್ಧವಾದ ಸ್ವತ್ತಿಗೆ ಸಂಬಂಧಿಸಿದವು. ಕೈಗೆ ಬಂದದ್ದು 11ಬಿ ಆಗಿದ್ದರೆ, ಅದೇಕೆ ಹಾಗಾಯಿತೆಂದು ಪಂಚಾಯಿತಿ ಅಭಿವೃದ್ಧಿ ಅಧಿಕಾರಿಗಳನ್ನು ಕೇಳಿ ತಿಳಿಯಿರಿ. ಬಹಳ ಮಂದಿ ಖಾತೆ ಇದ್ದರೆ ಸಾಕು ಎಂದು ತಿಳಿದಿದ್ದಾರೆ. ಇದು ತಪ್ಪು. ಕಂದಾಯವನ್ನು ಯಾರಿಂದ ವಸೂಲು ಮಾಡಬೇಕೆಂದು ತೋರಿಸುವ ಲೆಕ್ಕವೇ ಖಾತೆ. ಮಾಲೀಕತ್ವವನ್ನು ಕೊಡುವುದು ಪತ್ರ ಮತ್ತು ವಾರಸು ಹಕ್ಕು.

ಋಣಭಾರ ಪತ್ರ: ಜನರು ಇದನ್ನು ಇ.ಸಿ. ಎನ್ನುತ್ತಾರೆ. ಉಪನೋಂದಣಾಧಿಕಾರಿಗಳ ಕಚೇರಿಯಲ್ಲಿ 30 ವರ್ಷಗಳ ಅವಧಿಗೆ ಪಡೆದರೆ ಕ್ಷೇಮ. ವ್ಯವಹಾರಗಳು ನಡೆದಿದ್ದರೆ ನಮೂನೆ 15ರಲ್ಲಿ, ಏನೂ ಇಲ್ಲದಿದ್ದರೆ ನಮೂನೆ 16ರಲ್ಲಿ ಇದು ಬರುತ್ತದೆ. ಆದರೆ ಇದಕ್ಕೂ ಒಂದು ಮಿತಿ ಇದೆ. ನೋಂದಣಿಯಾದ ವ್ಯವಹಾರಗಳು ಮಾತ್ರ ಇದರಲ್ಲಿ ಕಾಣುತ್ತವೆ. ಛಾಪಾ ಕಾಗದದ ಮೇಲಿನ ಕೈಕರಾರು, ಬಾಯಿಮಾತಿನ ಭೋಗ್ಯ ಇದರಲ್ಲಿ ಕಾಣುವುದಿಲ್ಲ. ನ್ಯಾಯಾಲಯದಲ್ಲಿರುವ ದಾವೆಯೂ ಎಷ್ಟೋ ಬಾರಿ ಕಾಣುವುದಿಲ್ಲ. ಅದಕ್ಕಾಗಿ ಮನೆಯೊಳಗೆ ವಾಸವಿರುವವರನ್ನು "ನೀವು ಯಾವ ಹಕ್ಕಿನಿಂದ ಇದ್ದೀರಿ?" ಎಂದು ನೇರವಾಗಿ ಕೇಳಿರಿ, ಅಕ್ಕಪಕ್ಕದವರನ್ನೂ ಕೇಳಿರಿ.

ಜಾಗದ ಜಾತಿ: ಮನೆ ಇರುವುದು ಗ್ರಾಮಠಾಣೆಯಲ್ಲೋ, ಹೊಲದಲ್ಲೋ? ಹೊಲವನ್ನು ತುಂಡು ಮಾಡಿ ಸೈಟೆಂದು ಮಾರುವ ಕಡೆ, ಭೂ ಪರಿವರ್ತನೆಯ ಆದೇಶವನ್ನೂ ಅನುಮೋದಿತ ವಿನ್ಯಾಸ ನಕ್ಷೆಯನ್ನೂ ಕಣ್ಣಾರೆ ನೋಡದೆ ಹಣ ಕೊಡಕೂಡದು.

3. ಅಳತೆ ಮತ್ತು ಚೆಕ್ಕುಬಂದಿ

ಪತ್ರದಲ್ಲಿ 30 ಅಡಿ ಅಗಲ, 40 ಅಡಿ ಉದ್ದ ಎಂದಿದೆಯೆನ್ನಿ. ಒಟ್ಟು 1200 ಚದರ ಅಡಿ. ನೀವು ಟೇಪು ಹಿಡಿದು ಅಳೆದಾಗ ಅಗಲ 27 ಅಡಿಯೇ ಬಂದರೆ, ಸಿಕ್ಕುವುದು 1080 ಚದರ ಅಡಿ. ಅಡಿಗೆ 500 ರೂಪಾಯಿಯಂತೆ ಲೆಕ್ಕ ಹಾಕಿದರೆ, ಇಲ್ಲದ 120 ಅಡಿಗೆ 60,000 ರೂಪಾಯಿ ಕೊಟ್ಟಂತಾಯಿತು! ಒಂದು ಟೇಪು, ಇಬ್ಬರು ಮನುಷ್ಯರು, ಅರ್ಧ ಗಂಟೆ ಸಾಕು. ಅಳೆಯುವಾಗ ನಾಲ್ಕು ಕಡೆಯ ನೆರೆಯವರನ್ನೂ ಕರೆಯಿರಿ. ಅವರು ಒಪ್ಪಿದ ಗಡಿಯೇ ಮುಂದೆ ನಿಮಗೆ ನೆಮ್ಮದಿ ಕೊಡುವ ಗಡಿ.

24 ಏಪ್ರಿಲ್ 2020ರಂದು ಆರಂಭವಾದ ಸ್ವಾಮಿತ್ವ ಯೋಜನೆಯಲ್ಲಿ ಸುಣ್ಣದ ಗೆರೆ ಎಳೆದು, ಡ್ರೋನಿನಿಂದ ಚಿತ್ರ ತೆಗೆದು, ಗ್ರಾಮಠಾಣೆಯ ಮನೆಗಳಿಗೆ ಆಸ್ತಿ ಕಾರ್ಡು ಮಾಡುತ್ತಾರೆ. ನಿಮ್ಮ ಊರಿನಲ್ಲಿ ಈ ಕೆಲಸ ಆಗಿದ್ದರೆ ಆ ಕಾರ್ಡಿನ ಅಳತೆಯನ್ನು ಪತ್ರದ ಅಳತೆಯೊಂದಿಗೆ ಹೋಲಿಸಿ ನೋಡಿರಿ.

ಗಡಿಯ ಜೊತೆಗೆ ಇವನ್ನೂ ಕೇಳಿರಿ: ನಡುಗೋಡೆ ಯಾರದು? ಸೂರಿನ ನೀರು ಯಾರ ಜಾಗಕ್ಕೆ ಬೀಳುತ್ತದೆ? ಬಚ್ಚಲ ನೀರಿಗೆ ಹಾದಿ ಯಾವುದು? ಹಿತ್ತಲಿಗೆ ಗಾಡಿ ಹೋಗಲು ದಾರಿ ಇದೆಯೇ? ಬಾವಿಯಲ್ಲಿ ಎಷ್ಟು ಪಾಲು? ನೆರೆಯವರು 20 ವರ್ಷ ಕಾಲ ಹಕ್ಕೆಂದು, ಬಹಿರಂಗವಾಗಿ, ತಡೆಯಿಲ್ಲದೆ ಬಳಸಿದ ದಾರಿಗೆ ಕಾನೂನಿನ ಬಲ ಬರುತ್ತದೆ. ನೀವು ಹೊಸಬರೆಂದು ಅದನ್ನು ಮುಚ್ಚಲಾಗದು. ನಿಮಗೆ ಬೇಕಾದ ದಾರಿ, ನೀರಿನ ಹಕ್ಕುಗಳನ್ನು ಕ್ರಯಪತ್ರದಲ್ಲಿಯೇ ಬರೆಸಿಕೊಳ್ಳಿರಿ.

4. ಮನೆಯನ್ನು ಮಳೆಯಲ್ಲಿ ನೋಡಿರಿ

ಆಷಾಢದಲ್ಲಿ ಹೊಸ ಮನೆಗೆ ಒಕ್ಕಲು ಹೋಗುವ ರೂಢಿ ನಮ್ಮಲ್ಲಿಲ್ಲ. ಆ ತಿಂಗಳನ್ನು ಮನೆ ನೋಡಲು ಬಳಸಿದರೆ ಬಹಳ ಪ್ರಯೋಜನವುಂಟು. ಬೇಸಗೆಯಲ್ಲಿ ಸುಣ್ಣ ಬಳಿದು ನಿಂತ ಮನೆಯೆಲ್ಲ ಚೆಂದವೇ. ಜಡಿಮಳೆಯಲ್ಲಿ ಹೋದರೆ ಎಲ್ಲಿ ಸೋರುತ್ತದೆ, ಯಾವ ಗೋಡೆಯ ಬುಡ ತೇವವಾಗಿದೆ, ಬೀದಿಯ ನೀರು ಹೊಸಿಲು ದಾಟುತ್ತದೆಯೇ ಎಂಬುದು ತಾನಾಗಿ ತಿಳಿಯುತ್ತದೆ. ತೊಲೆ, ಜಂತಿಗಳನ್ನು ಬೆರಳಿನಿಂದ ತಟ್ಟಿ ನೋಡಿರಿ. ಟೊಳ್ಳು ಸದ್ದು ಬಂದರೆ ಗೆದ್ದಲು ಹಿಡಿದಿರಬಹುದು. ಮನೆಯ ಹೆಂಗಸರನ್ನು ಕರೆದುಕೊಂಡು ಹೋಗಿರಿ. ಅಡಿಗೆಮನೆಯ ಹೊಗೆ, ನೀರು ತರುವ ದೂರ, ಶೌಚಾಲಯದ ಗುಂಡಿಗೂ ಬಾವಿಗೂ ಇರುವ ಅಂತರ, ಇವು ಗಂಡಸರ ಕಣ್ಣಿಗೆ ಬೇಗ ಬೀಳುವುದಿಲ್ಲ.

5. ಕರಾರು ಮತ್ತು ಕ್ರಯ

ಎಲ್ಲವೂ ಸರಿಯೆಂದು ಕಂಡ ಮೇಲೆ ಸಂಚಕಾರ. ಅದನ್ನು ಬರಿಗೈಯಲ್ಲಿ ಕೊಡದೆ ಕ್ರಯದ ಕರಾರು ಬರೆಸಿರಿ. ಪೂರ್ತಿ ಬೆಲೆ, ಕೊಟ್ಟ ಹಣ, ಉಳಿದ ಹಣ, ಕ್ರಯ ಮಾಡಿಕೊಡುವ ಗಡುವು, ತಪ್ಪಿದರೆ ಹಣ ಹಿಂದಿರುಗಿಸುವ ಬಗೆ, ಇಷ್ಟೂ ಅದರಲ್ಲಿ ಇರಬೇಕು. ಗಡುವು ಮೀರಿದರೆ ಸುಮ್ಮನೆ ಕೂರಬೇಡಿರಿ. ಕರಾರಿನಂತೆ ಕ್ರಯ ಮಾಡಿಸಿಕೊಡೆಂದು ದಾವೆ ಹೂಡಲು ಇರುವ ಅವಧಿ 3 ವರ್ಷ ಮಾತ್ರ.

ಕರಾರು ಮನೆಯನ್ನು ನಿಮ್ಮದಾಗಿ ಮಾಡುವುದಿಲ್ಲವೆಂಬುದು ನೆನಪಿರಲಿ. 100 ರೂಪಾಯಿ ಹಾಗೂ ಅದಕ್ಕೆ ಮೇಲ್ಪಟ್ಟ ಬೆಲೆಯ ಸ್ಥಿರಾಸ್ತಿಯ ಮಾಲೀಕತ್ವವು ನೋಂದಾಯಿತ ಕ್ರಯಪತ್ರದಿಂದ ಮಾತ್ರ ವರ್ಗವಾಗುತ್ತದೆ. 1882ರ ಸ್ವತ್ತು ವರ್ಗಾವಣೆ ಕಾನೂನು ಹೀಗೆ ಹೇಳುತ್ತದೆ. ಪತ್ರಕ್ಕೆ ಸಹಿಯಾದ 4 ತಿಂಗಳೊಳಗೆ ನೋಂದಣಿಗೆ ಹಾಜರುಪಡಿಸಬೇಕು. ಮುದ್ರಾಂಕ ಶುಲ್ಕ, ನೋಂದಣಿ ಶುಲ್ಕಗಳ ದರ ಆಗಾಗ್ಗೆ ಬದಲಾಗುವುದರಿಂದ ಉಪನೋಂದಣಾಧಿಕಾರಿಗಳ ಕಚೇರಿಯಲ್ಲಿಯೇ ಕೇಳಿ, ಆ ಹಣವನ್ನೂ ಮೊದಲೇ ಎತ್ತಿಡಿರಿ.

ಶುಲ್ಕ ಉಳಿಸಲು ಪತ್ರದಲ್ಲಿ ಕಡಿಮೆ ಬೆಲೆ ಬರೆಸುವವರುಂಟು. 8 ಲಕ್ಷ ಕೊಟ್ಟು 3 ಲಕ್ಷವೆಂದು ಬರೆಸಿದವರು, ನಾಳೆ ಕ್ರಯ ಮುರಿದುಬಿದ್ದರೆ ಯಾವ ಕಾಗದ ಹಿಡಿದು ಮಿಕ್ಕ 5 ಲಕ್ಷವನ್ನು ಕೇಳಬೇಕು? ಅಲ್ಲದೆ ಸ್ಥಿರಾಸ್ತಿ ವ್ಯವಹಾರದಲ್ಲಿ 20,000 ರೂಪಾಯಿ ಅಥವಾ ಹೆಚ್ಚಿನ ಹಣವನ್ನು ನಗದಾಗಿ ಪಡೆಯುವುದನ್ನು ಆದಾಯ ತೆರಿಗೆ ಕಾನೂನು 2015ರಿಂದ ನಿಷೇಧಿಸಿದೆ. ಬ್ಯಾಂಕಿನ ಮೂಲಕವೇ ಕೊಡಿರಿ. ಕೊಟ್ಟದ್ದಕ್ಕೆ ಬ್ಯಾಂಕಿನ ಲೆಕ್ಕವೇ ಸಾಕ್ಷಿ.

ನೋಂದಣಿಯಾದ ಮೇಲೆ ಪಂಚಾಯಿತಿಯಲ್ಲಿ ಖಾತೆ ಬದಲಾವಣೆ ಆಯಿತೇ ಎಂದು ಹೋಗಿ ನೋಡಿದ ಹೊರತು ಕೆಲಸ ಮುಗಿಯಿತೆಂದು ತಿಳಿಯಕೂಡದು.

6. ಮಾರುವವರಿಗೆ ಎರಡು ಮಾತು

ಮನೆಯ ದೋಷವನ್ನೂ ಸಾಲವನ್ನೂ ಮುಚ್ಚಿಡಬೇಡಿರಿ. ಹಕ್ಕಿನಲ್ಲಿರುವ ದೋಷವನ್ನು ತಿಳಿಸುವುದು ಮಾರುವವರ ಕರ್ತವ್ಯ; ಬೇರೆ ಒಪ್ಪಂದ ಇಲ್ಲದಿದ್ದರೆ ಕ್ರಯದ ದಿನದವರೆಗಿನ ಕಂದಾಯ ಬಾಕಿಯೂ ಅವರದೇ. ಖಾಲಿ ಕಾಗದಕ್ಕೆ ಸಹಿ ಹಾಕಲೇಬಾರದು. ಹಣ ನಿಮ್ಮ ಬ್ಯಾಂಕ್ ಖಾತೆಗೆ ಬಂದು ಸೇರಿದ್ದನ್ನು ನೋಡಿಕೊಂಡು ಸಹಿ ಮಾಡಿರಿ. ಮುಖ್ಯವಾಗಿ, ಇರುವ ಒಂದು ಮನೆಯನ್ನು ಮಾರುವವರು ಮುಂದೆ ತಲೆ ಮರೆಸಿಕೊಳ್ಳುವ ಸೂರನ್ನು ಮೊದಲು ಗೊತ್ತುಮಾಡಿಕೊಳ್ಳಬೇಕು. ಮನೆ ಮಾರಿದ ಹಣ ಕೈಯಲ್ಲಿ ನಿಲ್ಲುವುದು ಕಷ್ಟ.

7. ಒಕ್ಕಲು ಬದಲಿಸುವಾಗ

ವಿದ್ಯುತ್ ಬಿಲ್ಲಿನ ಬಾಕಿ ತೀರಿದೆಯೇ ನೋಡಿ, ಆರ್.ಆರ್. ನಂಬರನ್ನು ನಿಮ್ಮ ಹೆಸರಿಗೆ ಮಾಡಿಸಿರಿ. ಪಡಿತರ ಚೀಟಿಯ ವಿಳಾಸ ಬದಲಿಸಿರಿ. ಮತದಾರರ ಪಟ್ಟಿಗೆ ನಮೂನೆ 8ರಲ್ಲಿ ಅರ್ಜಿ ಕೊಡಿರಿ. ಮಕ್ಕಳ ಶಾಲೆಯನ್ನು ಬದಲಿಸುವುದಾದರೆ ಹಿಂದಿನ ಶಾಲೆಯಿಂದ ವರ್ಗಾವಣೆ ಪತ್ರ ಪಡೆಯಿರಿ. ಅದು ತಡವಾಯಿತೆಂದು ಎಂಟನೆಯ ತರಗತಿವರೆಗಿನ ಮಗುವಿಗೆ ಸರ್ಕಾರಿ ಅಥವಾ ಅನುದಾನಿತ ಶಾಲೆಯಲ್ಲಿ ಪ್ರವೇಶ ನಿರಾಕರಿಸುವಂತಿಲ್ಲ; 2009ರ ಶಿಕ್ಷಣ ಹಕ್ಕು ಕಾನೂನಿನಲ್ಲಿ ಹೀಗೆಂದು ಇದೆ.

ಇಷ್ಟೆಲ್ಲ ನಮ್ಮಿಂದಾಗದೆಂದು ಕೈಚೆಲ್ಲಬೇಕಾಗಿಲ್ಲ. ತಾಲ್ಲೂಕಿನ ನ್ಯಾಯಾಲಯದಲ್ಲಿ ಕಾನೂನು ಸೇವೆಗಳ ಸಮಿತಿ ಇದೆ. ಹೆಂಗಸರಿಗೂ ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡದವರಿಗೂ ವರಮಾನ ಎಷ್ಟೇ ಇದ್ದರೂ ಅಲ್ಲಿ ನೆರವು ಉಚಿತ. ಉಳಿದವರಲ್ಲಿ ಬಹಳ ಮಂದಿಗೆ ವರಮಾನದ ಮಿತಿಯುಂಟು. 15100 ಸಂಖ್ಯೆಗೆ ದೂರವಾಣಿ ಮಾಡಿಯೂ ಕೇಳಬಹುದು.

ಮನೆಯಲ್ಲಿ ಓದುಬಲ್ಲ ಮಕ್ಕಳಿದ್ದರೆ ಕಾಗದಗಳನ್ನು ಅವರ ಕೈಗೆ ಕೊಟ್ಟು ಗಟ್ಟಿಯಾಗಿ ಓದಿಸಿರಿ. ಅರ್ಥವಾಗದ ಮಾತು ಬಂದಲ್ಲಿ ನಿಲ್ಲಿಸಿ ಕೇಳಿರಿ. ನೀವು ಪ್ರಶ್ನೆ ಕೇಳಿದ್ದಕ್ಕೆ ಬೇಸರಪಡುವವರ ಮನೆಯನ್ನು ಕೊಳ್ಳದಿದ್ದರೆ ನಷ್ಟವೇನೂ ಇಲ್ಲ. ಎಲ್ಲ ಪ್ರಶ್ನೆಗೂ ಉತ್ತರ ಸಿಕ್ಕ ಮೇಲೆ ಎಲೆ ಅಡಿಕೆ ಇಟ್ಟು ಸಂತೋಷವಾಗಿ ಸಂಚಕಾರ ಕೊಡಿರಿ. ಆ ಮನೆಯಲ್ಲಿ ಹಚ್ಚುವ ದೀಪ ನಿಮ್ಮ ಮೊಮ್ಮಕ್ಕಳ ಕಾಲಕ್ಕೂ ಉರಿಯಲಿ.