ಬದನೆ ಹೂವಿಗೆ ಯಾರು ಬರ್ತಾರೆ?

ಬದನೆ ಗಿಡ ಹೂ ಬಿಡುತ್ತೆ, ಉದುರಿಸುತ್ತೆ, ಕಾಯಿ ಮಾತ್ರ ಇಲ್ಲವಾ? ಗೊಬ್ಬರ ತರೋ ಮುಂಚೆ ಬೆಳಿಗ್ಗೆ ಐದು ನಿಮಿಷ ಹೂವಿನ ಹತ್ತಿರ ನಿಂತು ನೋಡಿ.

ಬದನೆಯ ಪರಾಗ ಇರೋದು ಪುಡಿ ಉಪ್ಪಿನ ಡಬ್ಬಿಯಲ್ಲಿದ್ದ ಹಾಗೆ. ತುದಿಯಲ್ಲಿ ಸಣ್ಣ ತೂತು, ಅಲುಗಿಸಿದರೇನೇ ಉದುರುತ್ತೆ. ತುಡುವೆ ಜೇನಿಗಾಗಲಿ ಹೆಜ್ಜೇನಿಗಾಗಲಿ ಈ ವಿದ್ಯೆ ಬರೋದಿಲ್ಲ. ಬರೋದು ಹೊಟ್ಟೆ ಮೇಲೆ ನೀಲಿ ಪಟ್ಟೆ ಇರೋ ಒಂದು ಒಂಟಿ ಜೇನಿಗೆ. ಹೂವನ್ನ ತಬ್ಬಿಕೊಂಡು, ರೆಕ್ಕೆ ಬಡಿಯೋ ಸ್ನಾಯುಗಳನ್ನ ನಡುಗಿಸುತ್ತೆ. ಝುಂಯ್! ಪರಾಗ ಮೈಮೇಲೆ ಸುರಿಯುತ್ತೆ. ಕಿವಿಗೊಟ್ಟರೆ ನಿಮಗೂ ಕೇಳುತ್ತೆ. ದೊಡ್ಡ ಕಪ್ಪು ದುಂಬಿಯೂ ಹೀಗೇ ಮಾಡುತ್ತೆ.

ಈ ನೀಲಿ ಪಟ್ಟೆಯವಳು ಹುಟ್ಟು ಕಟ್ಟೋದಿಲ್ಲ, ನಮಗೆ ತುಪ್ಪ ಕೊಡೋದಿಲ್ಲ. ಮಣ್ಣು ಕೊರೆದು ಮೊಟ್ಟೆ ಇಡ್ತಾಳೆ. ನಾವೋ, ಅಂಗಳಕ್ಕೆಲ್ಲ ಟೈಲ್ಸ್ ಹಾಸಿ ಕೂತಿದ್ದೀವಿ! ಒಂದು ಮೂಲೆಯ ಮಣ್ಣನ್ನ ಬರಿದಾಗಿ ಬಿಡಿ. ದುಂಬಿಗೆ ಒಣ ಬಿದಿರಿನ ತುಂಡು ಸಾಕು.

ತುಳಸಿಯ ಕದಿರನ್ನೆಲ್ಲ ಚಿವುಟಬೇಡಿ, ಅರ್ಧ ಉಳಿಸಿ. ಕೊತ್ತಂಬರಿಯ ಒಂದೆರಡು ಗಿಡ ಹೂವಾಗಲಿ. ಪುಟಾಣಿ ಮಿಸರಿ ಜೇನಿಗೂ ಊಟ ಬೇಕಲ್ಲ. ಜೇನುಗಳಿಗೆ ಇಡೋ ನೀರಿನ ತಟ್ಟೆಗೆ ನಾಲ್ಕು ಕಲ್ಲು ಹಾಕಿ, ಇಲ್ಲದಿದ್ದರೆ ಅವು ಮುಳುಗುತ್ತವೆ. ಹೂ ಅರಳಿರೋವಾಗ ಕೀಟನಾಶಕ ಬೇಡವೇ ಬೇಡ.

ಇನ್ನು ಕರಿಬೇವಿನ ಎಲೆ ಮೇಲೆ ಹಕ್ಕಿ ಹಿಕ್ಕೆ ಥರ ಏನಾದರೂ ಕಂಡರೆ ಒರೆಸಬೇಡಿ. ಅದು ಚಿಟ್ಟೆಯ ಮರಿಹುಳು ಇರಬಹುದು. ಒಗ್ಗರಣೆಗೆ ನಾಲ್ಕು ಎಲೆ ಕಮ್ಮಿಯಾಗುತ್ತೆ, ಅಷ್ಟೇ.